ಬಾಯಿ ಮಾತು ಬೇಡ, ರಸೀತಿ ಕೊಡಿ ಅನ್ನಿ

ವಯಸ್ಸಾದವರ ಪಿಂಚಣಿ, ಅಂಗವಿಕಲರ ಸವಲತ್ತು, ಮನೇಲಿ ಮಲಗಿದವರ ಆರೈಕೆ ಇದರ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಹೇಳಿದ್ದೆ, ಬಂದಿರೋ ಕಾಗದ ನೋಡಿದ್ರೆ ಒಂದು ಚೀಲ ತುಂಬುತ್ತೆ. ಎಲ್ಲಾದಕ್ಕೂ ಇಲ್ಲಿ ಜಾಗ ಇಲ್ಲ, ಒಂದೇ ಥರದ್ದನ್ನೆಲ್ಲ ಸೇರಿಸಿ ಕೆಲವಕ್ಕೆ ಉತ್ತರ ಬರ್ದಿದೀನಿ. ನಾನು ತಾಲ್ಲೂಕು ಆಫೀಸಲ್ಲಿ ಕೇಸ್ ವರ್ಕರ್ ಆಗಿದ್ದು ರಿಟೈರ್ ಆದವಳು ಅಂತ ಹಳೇ ಓದುಗರಿಗೆ ಗೊತ್ತು. ಟೇಬಲ್ಲಿನ ಆ ಕಡೆ ಕೂತಿದ್ದಾಗ "ನಾಳೆ ಬಾ ಅಜ್ಜಿ" ಅಂತ ನಾನೂ ಎಷ್ಟೋ ಸಲ ಅಂದಿದೀನಿ, ಸುಳ್ಳು ಹೇಳಲ್ಲ. ಆ "ನಾಳೆ ಬಾ" ಯಾವ ರಿಜಿಸ್ಟರಲ್ಲೂ ಇರಲ್ಲ ನೋಡಿ, ಆಫೀಸಿಗೆ ಅದೇ ಅನುಕೂಲ. ಹಾಗಾಗಿ ಯಾರಿಗೆ ಏನೇ ಹೇಳೋಕೆ ಹೋದ್ರೂ ತಿರುಗಿ ತಿರುಗಿ ಕಾಗದ, ರಸೀತಿ ಅಂತ ಅಲ್ಲಿಗೇ ಬರ್ತೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಅಕ್ಕ, ನಮ್ಮಜ್ಜಿಗೆ 74 ವರ್ಷ, ಸಂಧ್ಯಾ ಸುರಕ್ಷಾ ದುಡ್ಡು ಬರ್ತಿತ್ತು, ಐದು ತಿಂಗಳಿಂದ ನಿಂತೋಗಿದೆ. ಬ್ಯಾಂಕಲ್ಲಿ ಕೇಳಿದ್ರೆ ತಾಲ್ಲೂಕು ಆಫೀಸಿಗೆ ಹೋಗಿ ಅಂತಾರೆ, ಅಲ್ಲಿ ಹೋದ್ರೆ ನಮ್ಮ ಕಡೆಯಿಂದ ಹೋಗಿದೆ ಬ್ಯಾಂಕಲ್ಲೇ ಕೇಳಿ ಅಂತಾರೆ. ಅಜ್ಜಿ ದಿನಾ ನನ್ನನ್ನೇ ಬೈತಾರೆ, ನಾನೇ ತಿಂದ್ಕೊಂಡೆ ಅನ್ನೋ ಥರ. ಏನ್ ಮಾಡ್ಲಿ? (ತಿಪಟೂರು ಕಡೆಯ ಓದುಗ)

ಉತ್ತರ: ತಮ್ಮಾ, ಇಬ್ಬರೂ ನಿಜಾನೇ ಹೇಳ್ತಿರಬಹುದು, ಮಜಾ ಅದೇ. ಈಗ ಪಿಂಚಣಿ ಅಕೌಂಟ್ ನಂಬರ್ ನೋಡ್ಕೊಂಡು ಹೋಗಲ್ಲ, ಆಧಾರ್ ನೋಡ್ಕೊಂಡು ಹೋಗುತ್ತೆ. ಒಬ್ಬರ ಆಧಾರ್ ಒಂದು ಸಲಕ್ಕೆ ಒಂದೇ ಬ್ಯಾಂಕಿಗೆ ಜೋಡಣೆ ಆಗಿರುತ್ತೆ, ಕೊನೇದಾಗಿ ಯಾವ ಬ್ಯಾಂಕು ಜೋಡಿಸ್ತೋ ದುಡ್ಡು ಅಲ್ಲಿಗೆ. ಈಗ ಸರಿಯಾಗಿ ನೆನಪು ಮಾಡ್ಕೋ, ಈ ಐದಾರು ತಿಂಗಳ ಹಿಂದೆ ಅಜ್ಜಿ ಹೆಸರಲ್ಲಿ ಯಾರಾದ್ರೂ ಹೊಸ ಖಾತೆ ಮಾಡಿಸಿದ್ರಾ? ಗೃಹಲಕ್ಷ್ಮಿಗೆ ಅಂತಾನೋ, ಸಂಘದ ಸಾಲಕ್ಕೆ ಅಂತಾನೋ, ಇಲ್ಲ ಪೋಸ್ಟ್‌ಮ್ಯಾನ್ ಮನೆಗೆ ಬಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಪೋಸ್ಟ್ ಪೇಮೆಂಟ್ಸ್ ಬ್ಯಾಂಕಲ್ಲಿ ಓಪನ್ ಮಾಡಿದ್ರಾ? ಹಾಗಾಗಿದ್ರೆ ಹತ್ರ ಹತ್ರ ಆರು ಸಾವಿರ ಅಲ್ಲಿ ಬೆಚ್ಚಗೆ ಕೂತಿರುತ್ತೆ, ಅಜ್ಜಿ ಮಾತ್ರ ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸ್ಕೊಂಡು ಬಂದು ನಿನ್ನನ್ನ ಬೈತಿರ್ತಾರೆ. ಆಧಾರ್ ವೆಬ್‌ಸೈಟಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಒಂದು ಕಡೆ ಇದೆ, ನಂಬರ್ ಹಾಕಿ ಓಟಿಪಿ ಕೊಟ್ರೆ ಯಾವ ಬ್ಯಾಂಕು ಅಂತ ತೋರಿಸುತ್ತೆ. ಓಟಿಪಿ ಬರೋ ಮೊಬೈಲು ಯಾವಾಗಲೋ ಊರು ಬಿಟ್ಟ ಅಳಿಯನದ್ದಾಗಿದ್ರೆ ಮೊದಲು ಆಧಾರ್ ಸೆಂಟರಲ್ಲಿ ನಂಬರ್ ಬದಲಾಯಿಸಿ.

ಅದು ಸರಿ ಇದ್ದೂ ದುಡ್ಡು ಬಂದಿಲ್ಲ ಅಂದ್ರೆ ತೊಂದರೆ ತಾಲ್ಲೂಕು ಕಡೇದು. ಆಗಾಗ ಪಿಂಚಣಿ ಪಟ್ಟಿ ಪರಿಶೀಲನೆ ಅಂತ ಮಾಡ್ತಾರೆ, ಗ್ರಾಮ ಆಡಳಿತಾಧಿಕಾರಿ (ನಮ್ಮ ಹಳೇ ಗ್ರಾಮ ಲೆಕ್ಕಿಗರು, ಹೆಸರು ಬದಲಾಗಿದೆ) ಬಂದ ದಿನ ಅಜ್ಜಿ ಮಗಳ ಮನೆಗೆ ಹೋಗಿದ್ರೆ, ಪಕ್ಕದ ಮನೆಯವರು "ಇಲ್ಲ, ಅವರಿಲ್ಲಿಲ್ಲ" ಅಂದಿದ್ರೆ, ಸ್ಥಳದಲ್ಲಿ ಇಲ್ಲ ಅಂತ ಬರ್ಕೊಂಡು ಹೋಗಿರ್ತಾರೆ. ಇದಕ್ಕಿಂತ ಕೆಟ್ಟದ್ದೂ ಆಗುತ್ತೆ. ನಮ್ಮತ್ತೆಗೇ ಆಗಿತ್ತು, ಯಾವ ಆಫೀಸು ಅಂತ ಬೇಡ, ಹಿಂದಿನ ಬೀದೀಲಿ ಅದೇ ಹೆಸರಿನ ಇನ್ನೊಬ್ಬರು ತೀರಿಕೊಂಡಿದ್ರು, ಕಂಪ್ಯೂಟರಲ್ಲಿ ನಮ್ಮತ್ತೇನ ಸಾಯಿಸಿಬಿಟ್ಟಿದ್ರು. ಅತ್ತೇನ ಆಟೋದಲ್ಲಿ ಕೂರಿಸ್ಕೊಂಡು ಹೋಗಿ ಎದುರಿಗೆ ನಿಲ್ಲಿಸಿದ್ರೂ ಆ ಹುಡುಗ ಸ್ಕ್ರೀನ್ ನೋಡ್ತಾನೆ, ಅತ್ತೇನ ನೋಡ್ತಾನೆ, "ಮರಣ ಅಂತ ತೋರಿಸ್ತಿದೆ ಮೇಡಂ" ಅಂತಾನೆ. ನಾನು ಅದೇ ಇಲಾಖೇಲಿ ಕೆಲಸ ಮಾಡಿದವಳು, ನನಗೇ ಸರಿ ಮಾಡಿಸೋಕೆ ಮೂರು ತಿಂಗಳು ಹಿಡೀತು.

ನೀನು ಮಾಡಬೇಕಾದ್ದು ಇಷ್ಟು. ಬಾಯಲ್ಲಿ ಕೇಳೋದು ನಿಲ್ಲಿಸು. ಒಂದು ಬಿಳೀ ಹಾಳೇಲಿ ತಹಶೀಲ್ದಾರರಿಗೆ ಅಂತ ಅರ್ಜಿ ಬರಿ, ಅಜ್ಜಿ ಹೆಸರು, ಪಿಂಚಣಿ ಮಂಜೂರಾತಿ ಆದೇಶದ ನಂಬರು, ಯಾವ ತಿಂಗಳಿಂದ ನಿಂತಿದೆ, ನಿಲ್ಲಿಸಿದ್ದಕ್ಕೆ ಕಾರಣ ಏನು ಲಿಖಿತವಾಗಿ ತಿಳಿಸಿ, ಬಾಕಿ ಸಮೇತ ಮುಂದುವರಿಸಿ. ಬಾಕಿ ಅನ್ನೋ ಪದ ಬಿಡಬೇಡ, ನಾವು ಕೇಳದೆ ಯಾರೂ ತಾವಾಗಿ ನೆನಪು ಮಾಡ್ಕೊಳಲ್ಲ. ಎರಡು ಪ್ರತಿ ತಗೊಂಡು ಹೋಗಿ ಒಂದರ ಮೇಲೆ ಸೀಲು, ತಾರೀಕು, ಸಹಿ ಹಾಕಿಸ್ಕೋ. ಕೊಡಲ್ಲ ಅಂದ್ರೆ ಜಗಳ ಬೇಡ, ಪೋಸ್ಟಾಫೀಸಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿಬಿಡು. ಕೆಲವು ಕಡೆ ಪಿಂಚಣಿ ಅದಾಲತ್ ಅಂತ ಹೋಬಳಿ ಮಟ್ಟದಲ್ಲಿ ಮಾಡ್ತಾರೆ, ಆ ಸೀಲ್ ಹಾಕಿದ ಪ್ರತಿ ಹಿಡ್ಕೊಂಡು ಹೋದವರದ್ದೇ ಕೆಲಸ ಅಲ್ಲಿ ಮೊದಲು ಆಗೋದು, ಕಣ್ಣಾರೆ ನೋಡಿದೀನಿ. ಪಿಂಚಣಿಗೇ ಅಂತ 155245 ಸಹಾಯವಾಣಿನೂ ಇದೆ, ಮಾಡಿ ನೋಡು, ಆದ್ರೆ ಅದನ್ನೇ ನಂಬ್ಕೊಂಡು ಅರ್ಜಿ ಬಿಡಬೇಡ.

ಇನ್ನೊಂದು, 65 ದಾಟಿದವರಿಗೆ ತಿಂಗಳಿಗೆ 1,200 ಬರುತ್ತಲ್ಲ, ಇದೇ ಥರದ ಇನ್ನೊಂದು ಯೋಜನೆ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 80 ವರ್ಷದೊಳಗಿನವರಿಗೆ ಇನ್ನೂ 200 ರೂಪಾಯೀನೇ, 2007ರಲ್ಲೂ ಅಷ್ಟೇ ಇತ್ತು. ಆಗ 200ಕ್ಕೆ ಏನೇನು ಬರ್ತಿತ್ತು ಅಂತ ಅಜ್ಜೀನೇ ಕೇಳು, ಬೈಯೋದು ಬಿಟ್ಟು ಲೆಕ್ಕ ಹೇಳ್ತಾರೆ.

ಪ್ರಶ್ನೆ: ನಮಸ್ಕಾರ್ರೀ ಮೇಡಂ. ನಮ್ಮ ಅಪ್ಪಾಗ 67 ವರ್ಷ, ಹ್ವಾದ ವರ್ಷ ದೀಪಾವಳಿ ಮುಂದ ಲಕ್ವಾ ಹೊಡದು ಎಡಗಡಿ ಕೈ ಕಾಲು ಹ್ವಾದ್ವು. ವಯಸ್ಸಾದವ್ರ ಪಗಾರ ಬರತೈತಿ. ಅಂಗವಿಕಲರ ಪಗಾರಾನೂ ಮಾಡಸ್ರಿ ಅಂತ ಒಬ್ರು ಹೇಳ್ಯಾರ, ಎರಡೂ ತಗೋಬಹುದೇನ್ರಿ? ಸರ್ಟಿಫಿಕೇಟ್ ಮಾಡಸಾಕ ಎರಡು ಸಾವಿರ ಕೇಳಾಕತ್ಯಾರ. (ರಾಣೇಬೆನ್ನೂರು)

ಉತ್ತರ: ಮೊದಲು ಆ ಎರಡು ಸಾವಿರ ಕೇಳಿದವರಿಗೆ ದೂರದಿಂದಲೇ ಕೈ ಮುಗೀರಿ. ಅಂಗವಿಕಲರ ಗುರುತಿನ ಚೀಟಿಗೆ, ಯುಡಿಐಡಿ ಅಂತಾರೆ, ದುಡ್ಡು ಕೊಡಬೇಕಾಗಿಲ್ಲ. ನಿಮ್ಮ ಗ್ರಾಮ ಪಂಚಾಯ್ತೀಲಿ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ವಿಆರ್‌ಡಬ್ಲ್ಯು ಅಂತ ಕರೀತಾರೆ, ತಾಲ್ಲೂಕಲ್ಲಿ ಎಂಆರ್‌ಡಬ್ಲ್ಯು. ಬಹಳಷ್ಟು ವಿಆರ್‌ಡಬ್ಲ್ಯುಗಳು ತಾವೇ ಅಂಗವಿಕಲರು, ಕಡಿಮೆ ಗೌರವಧನಕ್ಕೆ ಊರೂರು ಸುತ್ತೋರು, ಹಂಗಾಗಿ ನಿಮ್ಮ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆನ್‌ಲೈನ್ ಅರ್ಜಿ ಅವರೇ ಹಾಕ್ಕೊಡ್ತಾರೆ, ಆಮೇಲೆ ಸರ್ಕಾರಿ ಆಸ್ಪತ್ರೇಲಿ ಡಾಕ್ಟ್ರ ಮುಂದೆ ಹೋಗಬೇಕು. ಆಧಾರ್, ಫೋಟೋ, ಲಕ್ವಾ ಹೊಡೆದಾಗ ಆಸ್ಪತ್ರೆಯಿಂದ ಕೊಟ್ಟ ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ರಿಪೋರ್ಟು ಎಲ್ಲಾ ಒಯ್ಯಿರಿ. ಲಕ್ವಾ ಆದ ಮೊದಲ ತಿಂಗಳುಗಳಲ್ಲಿ ಇನ್ನೂ ಸುಧಾರಿಸ್ಕೊಳ್ತಾರೆ ಅಂತ ಡಾಕ್ಟ್ರು ಕಾಯ್ತಾರೆ, ನಿಮ್ಮ ತಂದೇದು ವರ್ಷ ಆಗ್ತಾ ಬಂತು, ಈಗ ಹೋಗಬಹುದು.

ಎರಡು ಪಗಾರ ಇಲ್ಲ, ಒಂದೇ. ಹಾಗಾಗಿ ಲೆಕ್ಕ ಹಾಕಿ ನೋಡ್ರಿ. ಈಗ ಬರೋದು 1,200. ಅಂಗವಿಕಲ ವೇತನ ಶೇ. 40ರಿಂದ 75ರ ತನಕ 800, 75ಕ್ಕಿಂತ ಹೆಚ್ಚು ಅಂತ ಬರೆದ್ರೆ 1,400. ಡಾಕ್ಟ್ರು 60 ಅಂತ ಬರೆದ್ರು ಅಂತಿಟ್ಕೊಳ್ಳಿ, ನೀವು ಖುಷಿಯಿಂದ ಹೋಗಿ ಬದಲಾಯಿಸಿದ್ರೆ ತಿಂಗಳಿಗೆ 400 ಕಳ್ಕೊಳ್ತೀರಿ, ಮಾಡ್ಕೊಂಡವರನ್ನ ನೋಡಿದೀನಿ ಅದಕ್ಕೆ ಹೇಳ್ತಿದೀನಿ. 75 ದಾಟಿದ್ರೆ ಮಾತ್ರ ಬದಲಾಯಿಸೋ ವಿಚಾರ ಮಾಡ್ರಿ, ಅದೂ ಹೊಸದು ಮಂಜೂರಾಗೋ ತನಕ ಹಳೇದು ನಿಲ್ಲಿಸಬಾರದು ಅಂತ ಅರ್ಜಿಯಲ್ಲೇ ಬರೀರಿ. ಡಾಕ್ಟ್ರು ಬರೆದ ಪರ್ಸೆಂಟೇಜ್ ತೀರಾ ಕಮ್ಮಿ ಅನ್ಸಿದ್ರೆ ಮೇಲ್ಮನವಿಗೆ ಅವಕಾಶ ಕಾನೂನಲ್ಲೇ ಇದೆ.

ಪಗಾರ ಬದಲಾಯಿಸದಿದ್ರೂ ಆ ಕಾರ್ಡು ಮಾತ್ರ ಮಾಡಿಸಲೇಬೇಕು. ಅದು ಇದ್ರೆ ರೈಲಿನ ರಿಯಾಯಿತಿಗೆ ಅರ್ಜಿ ಹಾಕಬಹುದು, ಜೊತೆಗೆ ಹೋಗೋ ಒಬ್ಬರಿಗೂ ಸಿಗುತ್ತೆ, ಬಸ್ಸಿಗೆ ವರ್ಷಕ್ಕೆ 660 ರೂಪಾಯಿ ಪಾಸು, ಮನೆಯಿಂದ 100 ಕಿಲೋಮೀಟರ್ ತನಕ, ಕೋರ್ಟು ಕಚೇರಿ ಬಿದ್ರೆ ಆದಾಯ ನೋಡದೆ ಉಚಿತ ವಕೀಲರು. ಕಾರ್ಡಿನ ಬಣ್ಣ ನೋಡಿ ಗಾಬರಿ ಬೇಡ, ಶೇ. 40ರೊಳಗೆ ಬಿಳಿ, 40ರ ಮೇಲೆ ಹಳದಿ, 80 ಮತ್ತು ಮೇಲಿದ್ರೆ ನೀಲಿ. ಗಾಲಿಕುರ್ಚಿ, ಊರುಗೋಲು ಬೇಕಾದ್ರೆ ರಾಷ್ಟ್ರೀಯ ವಯೋಶ್ರೀ ಅಂತ ಕೇಂದ್ರದ ಯೋಜನೆ 2017ರಿಂದ ಇದೆ, 60 ದಾಟಿದ ಬಿಪಿಎಲ್ ಕಾರ್ಡಿನವರಿಗೆ, ಕ್ಯಾಂಪ್ ಮಾಡಿ ಅಳತೆ ತಗೊಂಡು ಕೊಡ್ತಾರೆ. ಕ್ಯಾಂಪ್ ಯಾವಾಗ ಅನ್ನೋದು ಮೊದಲು ಗೊತ್ತಾಗೋದೂ ಆ ವಿಆರ್‌ಡಬ್ಲ್ಯುಗೇ, ಅವರ ನಂಬರ್ ಇಟ್ಕೊಳ್ರಿ, ಹಬ್ಬಕ್ಕೆ ಹೋಳಿಗೆ ಕೊಟ್ರೂ ತಪ್ಪಿಲ್ಲ.

ಪ್ರಶ್ನೆ: ನನಗೆ 76 ವರ್ಷ. 2019ರಲ್ಲಿ ಎರಡು ಎಕರೆ ಹತ್ತು ಗುಂಟೆ ಜಮೀನು, ಮನೆ ಎರಡನ್ನೂ ದೊಡ್ಡ ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟೆ. ಹೆಂಡತಿ ಹೋದ ಮೇಲೆ ನನ್ನನ್ನು ಕೊಟ್ಟಿಗೆ ಪಕ್ಕದ ರೂಮಿಗೆ ಹಾಕಿದ್ದಾರೆ. ಒಂದು ಹೊತ್ತು ಊಟ ಬಂದರೆ ಬಂತು. ಮಾತ್ರೆ ಮುಗಿದು ತಿಂಗಳಾಯಿತು. ಕೋರ್ಟಿಗೆ ಹೋದರೆ ಊರಲ್ಲಿ ಮಾನ ಹೋಗುತ್ತೆ. ಬೇರೆ ದಾರಿ ಇದೆಯೇ? (ಹಾಸನ ಜಿಲ್ಲೆ)

ಉತ್ತರ: ಯಜಮಾನ್ರೇ, ನಿಮ್ಮ ಕಾಗದ ಎರಡು ಸಲ ಓದಿದೆ. ಮಾನ ಯಾರದ್ದು ಹೋಗಬೇಕೋ ಅವರದ್ದು ಹೋಗಲಿ, ನೀವು ಯಾಕೆ ಹೊತ್ಕೊಂಡಿದೀರಾ. ಮೊದಲು ಮಾತ್ರೆ. ಬಿಪಿ, ಶುಗರ್ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡ್ತಾರೆ, ಹೋಗೋಕೆ ಆಗದಿದ್ರೆ ನಿಮ್ಮೂರಿನ ಆಶಾ ಕಾರ್ಯಕರ್ತೆ ಹತ್ರ ಹೇಳಿ ಕಳಿಸಿ, ಇವತ್ತೇ.

ಇನ್ನು ಕಾನೂನು. ನೀವಂದ್ಕೊಂಡಿರೋ ಕೋರ್ಟು ಅಲ್ಲ ಇದು. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಅಂತ 2007ರದ್ದು, ಅದರ ನ್ಯಾಯಮಂಡಳಿ ಅಂದ್ರೆ ಉಪವಿಭಾಗಾಧಿಕಾರಿಗಳು, ಎಸಿ ಸಾಹೇಬ್ರು. ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ಅರ್ಜಿ ಕೊಡಬಹುದು, ಕೈಲಾಗದಿದ್ರೆ ನಿಮ್ಮ ಪರವಾಗಿ ಇನ್ನೊಬ್ಬರು ಇಲ್ಲ ಒಂದು ಸಂಸ್ಥೆ ಕೊಡಬಹುದು. ಮೊದಲು ಒಬ್ಬ ಸಂಧಾನಾಧಿಕಾರಿ ಹತ್ರ ಮಾತುಕತೆಗೂ ಕಳಿಸ್ತಾರೆ, ಎಷ್ಟೋ ಮನೆಗಳಲ್ಲಿ ಎಸಿ ಆಫೀಸಿನ ನೋಟಿಸು ಬಂತು ಅಂದ ತಕ್ಷಣ ಕೊಟ್ಟಿಗೆ ಪಕ್ಕದ ರೂಮಿನಿಂದ ನಡುಮನೆಗೆ ಮಂಚ ಬರುತ್ತೆ. ಬರದಿದ್ರೆ ತಿಂಗಳಿಗೆ ಹತ್ತು ಸಾವಿರದ ತನಕ ಜೀವನಾಂಶ ಆದೇಶ ಮಾಡಬಹುದು, ಮಕ್ಕಳಿಗೆ ನೋಟಿಸ್ ತಲುಪಿದ 90 ದಿನದಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೇಲಿದೆ, ವಿಶೇಷ ಕಾರಣ ಇದ್ರೆ ಇನ್ನು 30 ದಿನ. ಹೆಚ್ಚೂಕಮ್ಮಿ ಆಗುತ್ತೆ, ಅದು ಬೇರೆ ಮಾತು. ಜವಾಬ್ದಾರಿ ದೊಡ್ಡ ಮಗನಿಗೊಬ್ಬನಿಗೇ ಅಲ್ಲ, ಉಳಿದ ಗಂಡು ಹೆಣ್ಣು ಮಕ್ಕಳು, ವಯಸ್ಸಿಗೆ ಬಂದ ಮೊಮ್ಮಕ್ಕಳು ಎಲ್ಲರಿಗೂ ಬರುತ್ತೆ. ಆದೇಶ ಸರಿ ಬರದಿದ್ರೆ ಜಿಲ್ಲಾಧಿಕಾರಿಗಳ ಹತ್ರ 60 ದಿನದೊಳಗೆ ಮೇಲ್ಮನವಿ.

ದಾನಪತ್ರದ ವಿಷಯ ಸ್ವಲ್ಪ ನಾಜೂಕು. ಅದೇ ಕಾಯ್ದೆಯ 23ನೇ ಕಲಂ ಪ್ರಕಾರ, ನನ್ನನ್ನ ನೋಡ್ಕೋಬೇಕು ಅನ್ನೋ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಅವರು ನೋಡ್ಕೊಳ್ದೆ ಇದ್ರೆ, ಆ ಪತ್ರಾನ ಮೋಸದಿಂದ ಮಾಡಿಸ್ಕೊಂಡ ಹಾಗೆ ಅಂತ ತಿಳ್ಕೊಂಡು ರದ್ದು ಮಾಡಬಹುದು. ಆ ಷರತ್ತು ಎಲ್ಲಿದೆ ಅನ್ನೋದೇ ಪ್ರಶ್ನೆ. ಪತ್ರ ಬರೆಯೋರು ಹಳೇ ನಮೂನೆ ತೆಗೆದು "ಪ್ರೀತಿ ವಿಶ್ವಾಸದಿಂದ" ಅಂತ ಎರಡು ಸಾಲು ಹಾಕಿ ಮುಗಿಸಿರ್ತಾರೆ, ನೋಡ್ಕೋಬೇಕು ಅಂತ ಬರೆದ್ರೆ ಮಗ ಬೇಜಾರಾಗ್ತಾನೆ ಅಂತ ಅಪ್ಪಂದಿರೂ ಸುಮ್ನಿರ್ತಾರೆ. 2022ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು, ಷರತ್ತು ಇತ್ತು ಅಂತ ತೋರಿಸಲೇಬೇಕು ಅಂದಿತ್ತು. 2025ರ ಜನವರೀಲಿ ಇನ್ನೊಂದು ಕೇಸಲ್ಲಿ, ಇದು ಹಿರಿಯರಿಗೋಸ್ಕರ ಮಾಡಿದ ಕಾನೂನು, ಉದಾರವಾಗಿ ಅರ್ಥ ಮಾಡ್ಕೋಬೇಕು ಅಂತ ಹೇಳಿ ತಾಯಿ ಕೊಟ್ಟ ದಾನಪತ್ರ ರದ್ದು ಮಾಡಿ ಸ್ವಾಧೀನಾನೂ ವಾಪಸ್ ಕೊಡಿಸ್ತು. ಆ ಕೇಸಲ್ಲಿ ದಾನಪತ್ರದ ಜೊತೆ, ನೋಡ್ಕೊಳ್ತೀನಿ ಅಂತ ಮಗ ಬರೆದುಕೊಟ್ಟ ಒಂದು ಮುಚ್ಚಳಿಕೆ ಕಾಗದಾನೂ ಇತ್ತು ಅನ್ನೋದು ಮರೀಬೇಡಿ. ನಿಮ್ಮ ದಾನಪತ್ರದ ದೃಢೀಕೃತ ನಕಲು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ತಗೊಳ್ಳಿ, ಒಂದೊಂದು ಸಾಲೂ ಓದಿಸಿ. ಆಗ ಮಗ ಬೇರೆ ಏನಾದ್ರೂ ಬರ್ಕೊಟ್ಟಿದ್ನಾ, ಪಂಚಾಯ್ತಿ ಮಾಡಿದ್ರಾ, ಸಾಕ್ಷಿ ಯಾರು, ನೆನಪು ಮಾಡ್ಕೊಳ್ಳಿ. ಏನೂ ಸಿಗದಿದ್ರೆ ಪತ್ರ ರದ್ದಾಗೋದು ಕಷ್ಟ ಇದೆ, ಆದ್ರೆ ಜೀವನಾಂಶಕ್ಕೆ ಅದು ಅಡ್ಡಿ ಅಲ್ಲ, ಎರಡನ್ನೂ ಒಂದೇ ಅರ್ಜೀಲಿ ಕೇಳಿ. ಅರ್ಜಿ ಬರೆಯೋಕೆ ಸಹಾಯ ಬೇಕಾದ್ರೆ 14567ಕ್ಕೆ ಫೋನ್ ಮಾಡಿ, ಹಿರಿಯರ ಸಹಾಯವಾಣಿ, ಬೆಳಗ್ಗೆ 8ರಿಂದ ರಾತ್ರಿ 8. ಹೊಡೆದ್ರು, ಹೊರಗೆ ಹಾಕಿದ್ರು ಅಂದ್ರೆ ಕಾಯಬೇಡಿ, 112.

ಇದನ್ನ ಓದ್ತಿರೋ ಬೇರೆ ಹಿರಿಯರಿಗೆ: ಬದುಕಿರುವಾಗ ದಾನಪತ್ರ ಮಾಡೋ ಬದಲು ಉಯಿಲು ಬರೀರಿ, ಮನಸ್ಸು ಬದಲಾದ್ರೆ ಹರಿದು ಹಾಕಿ ಇನ್ನೊಂದು ಬರೀಬಹುದು. ದಾನಾನೇ ಮಾಡ್ತೀನಿ ಅಂದ್ರೆ, ನನ್ನ ಜೀವ ಇರೋ ತನಕ ಈ ಮನೇಲಿ ವಾಸ, ಊಟ, ಔಷಧಿ ಮಗನ ಜವಾಬ್ದಾರಿ, ತಪ್ಪಿದ್ರೆ ಪತ್ರ ರದ್ದು ಅಂತ ಬಿಡಿಸಿ ಬರೆಸಿ. ಮಗನಿಗೆ ಬೇಜಾರಾದ್ರೆ ಅವತ್ತೇ ಆಗಲಿ, ಪತ್ರ ಇನ್ನೂ ನಿಮ್ಮ ಕೈಲಿರುವಾಗ.

ಪ್ರಶ್ನೆ: ನನಗೆ 61, ನಮ್ಮನೆಯವರಿಗೆ 57. ಬಸ್ಸಲ್ಲಿ ಅವರಿಗೆ ಫ್ರೀ, ನನಗೆ ಫುಲ್ ಟಿಕೆಟ್. ಗಂಡಸರಿಗೆ ಏನೂ ಇಲ್ವಾ? ರೈಲಲ್ಲಿ ರಿಯಾಯಿತಿ ಮತ್ತೆ ಶುರುವಾಯ್ತಾ? (ಚಿತ್ರದುರ್ಗ)

ಉತ್ತರ: ಇದೆ ಸ್ವಾಮಿ, ಕೇಳ್ಬೇಕು ಅಷ್ಟೇ. 60 ತುಂಬಿದ ಹಿರಿಯರಿಗೆ ಕೆಎಸ್‌ಆರ್‌ಟಿಸೀಲಿ ಟಿಕೆಟ್ ದರದಲ್ಲಿ ಶೇ. 25 ಕಡಿಮೆ, ಟಿಕೆಟ್ ಹರಿಯೋ ಮೊದಲೇ ವಯಸ್ಸಿನ ಗುರುತಿನ ಚೀಟಿ ತೋರಿಸಿ, ಹರಿದ ಮೇಲೆ ಕಂಡಕ್ಟರ್ ಜೊತೆ ವಾದ ಮಾಡಿದ್ರೆ ಇಡೀ ಬಸ್ಸಿಗೆ ಮನರಂಜನೆ ಅಷ್ಟೇ. ರೈಲಲ್ಲಿ ಮೊದಲು ಗಂಡಸರಿಗೆ ಶೇ. 40, ಹೆಂಗಸರಿಗೆ 50 ಇತ್ತು, 2020ರ ಮಾರ್ಚಲ್ಲಿ ಕೊರೋನಾ ಹೆಸರಲ್ಲಿ ನಿಲ್ಲಿಸಿದ್ರು. ಕೊರೋನಾ ಹೋಯ್ತು, ರಿಯಾಯಿತಿ ಬರ್ಲಿಲ್ಲ. ಕೆಳಗಿನ ಬರ್ತ್ ಕೋಟಾ ಮಾತ್ರ ಉಳಿದಿದೆ.

ಪ್ರಶ್ನೆ: ನಮ್ಮ ಮಗನಿಗೆ 28 ವರ್ಷ. ಬೌದ್ಧಿಕ ವೈಕಲ್ಯ ಶೇ. 80 ಅಂತ ಸರ್ಟಿಫಿಕೇಟ್ ಇದೆ. ಸ್ನಾನ, ಊಟ ಮಾಡ್ತಾನೆ, ಅಂಗಡಿಗೆ ಕಳಿಸಿದ್ರೆ ಚಿಲ್ಲರೆ ಲೆಕ್ಕ ಗೊತ್ತಾಗಲ್ಲ. ನಮ್ಮನೆಯವರು ಸರ್ಕಾರಿ ಶಾಲೆ ಮೇಷ್ಟ್ರಾಗಿ ರಿಟೈರ್ ಆದವರು. ಬ್ಯಾಂಕಲ್ಲಿ ಅವನ ಹೆಸರಲ್ಲಿ ಎಫ್‌ಡಿ ಇಡೋಕೆ ಹೋದ್ರೆ ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ ಅಂದ್ರು. ಹೆತ್ತ ತಾಯಿ ನಾನು, ನನಗೆ ಯಾವ ಸರ್ಟಿಫಿಕೇಟು? ನಾವಿಬ್ಬರೂ ಹೋದ ಮೇಲೆ ಇವನ ಗತಿ ಏನು ಅಂತ ರಾತ್ರಿ ನಿದ್ದೆ ಬರಲ್ಲ. (ಶಿವಮೊಗ್ಗ)

ಉತ್ತರ: ಅಮ್ಮಾ, ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಬಂದಿದೆ, ಎಲ್ಲಾ ತಾಯಂದಿರೇ ಬರೆದಿರೋದು.

ಬ್ಯಾಂಕಿನವರು ಹೇಳಿದ್ದು ಕೇಳೋಕೆ ಕಟು ಅನ್ಸುತ್ತೆ, ಆದ್ರೆ ತಪ್ಪಲ್ಲ. ಮಗನಿಗೆ 18 ತುಂಬಿದ ದಿನ ಕಾನೂನಿನ ಕಣ್ಣಲ್ಲಿ ನೀವು ಗಾರ್ಡಿಯನ್ ಆಗಿ ಉಳಿಯಲ್ಲ. ಅದಕ್ಕೆ ನ್ಯಾಷನಲ್ ಟ್ರಸ್ಟ್ ಕಾಯ್ದೆ, 1999ರದ್ದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಈ ನಾಲ್ಕಕ್ಕೆ ಮಾತ್ರ. ಜಿಲ್ಲಾಧಿಕಾರಿಗಳ ಅಧ್ಯಕ್ಷತೇಲಿ ಸ್ಥಳೀಯ ಸಮಿತಿ ಅಂತ ಪ್ರತಿ ಜಿಲ್ಲೇಲೂ ಇರುತ್ತೆ, ಅಲ್ಲಿ ಅರ್ಜಿ ಹಾಕಿದ್ರೆ ಪೋಷಕರನ್ನ ನೇಮಿಸಿ ಪ್ರಮಾಣಪತ್ರ ಕೊಡ್ತಾರೆ, ಬ್ಯಾಂಕು ಇದನ್ನ ಒಪ್ಪುತ್ತೆ, ಸಿವಿಲ್ ಕೋರ್ಟಿಗೆ ಅಲೀಬೇಕಾಗಿಲ್ಲ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರೀಲಿ ವಿಚಾರಿಸಿ. ಸಮಿತಿ ಸಭೆ ಸೇರೋದು ನಿಧಾನ, ಅದಕ್ಕೇ ಈಗಲೇ ಹಾಕಿ ಅನ್ನೋದು. ಮುಂದೆ ಯಾರು ಅನ್ನೋದನ್ನೂ ಈಗಲೇ ಮನೇಲಿ ಕೂತು ಮಾತಾಡಿ, ಅಕ್ಕ ನೋಡ್ಕೊಳ್ತಾಳೆ ಅಂತ ನೀವು ಅಂದ್ಕೊಂಡಿರ್ತೀರಿ, ಅಕ್ಕನ್ನ ಯಾರೂ ಕೇಳಿರಲ್ಲ. ಪೋಷಕರಾದವರು ಸುಮ್ನೆ ಹೆಸರಿಗಲ್ಲ, ಆರು ತಿಂಗಳೊಳಗೆ ಅವನ ಆಸ್ತಿ ಪಟ್ಟಿ ಕೊಡಬೇಕು, ವರ್ಷಾ ವರ್ಷಾ ಲೆಕ್ಕ ಕೊಡಬೇಕು, ಸರಿಯಾಗಿ ನೋಡ್ಕೊಳ್ದೆ ಇದ್ರೆ ಸಮಿತಿ ತೆಗೆದು ಹಾಕಬಹುದು. ನಿಮಗೆ ನಿದ್ದೆ ಬರೋಕೆ ಈ ಒಂದು ಸಾಲು ಸ್ವಲ್ಪ ಸಹಾಯ ಮಾಡಬಹುದು.

ಆಮೇಲೆ ಮೇಷ್ಟ್ರ ಪಿಂಚಣಿ. ಸರ್ಕಾರಿ ನೌಕರರ ದುಡಿದು ತಿನ್ನೋಕೆ ಆಗದ ಅಂಗವಿಕಲ ಮಗನಿಗೆ, ತಂದೆ ತಾಯಿ ಇಬ್ಬರೂ ಹೋದ ಮೇಲೂ, ಕುಟುಂಬ ಪಿಂಚಣಿ ಜೀವನ ಪೂರ್ತಿ ಸಿಗೋ ಅವಕಾಶ ಇದೆ. ಇದು ನೂರಕ್ಕೆ ತೊಂಬತ್ತು ಜನಕ್ಕೆ ಗೊತ್ತಿಲ್ಲ ಅಂತ ನನ್ನ ಅಂದಾಜು, ಗೊತ್ತಿದ್ದೋರೂ ಆಮೇಲೆ ನೋಡೋಣ ಅಂತ ಬಿಡ್ತಾರೆ, ಆಮೇಲೆ ಅಂದ್ರೆ ನೋಡೋಕೆ ಯಾರೂ ಇರಲ್ಲ. ಯಜಮಾನ್ರು ಗಟ್ಟಿಯಾಗಿರುವಾಗಲೇ ತಮ್ಮ ಇಲಾಖೆಗೆ ಬರೆದು ಮಗನ ಹೆಸರು, ಸರ್ಟಿಫಿಕೇಟು ಪಿಂಚಣಿ ದಾಖಲೇಲಿ ಸೇರಿಸ್ಲಿ, ಸೇರಿಸಿದ್ದಕ್ಕೆ ಪತ್ರ ತಗೊಳ್ಳಿ. ನಿರಾಮಯ ಅಂತ ನ್ಯಾಷನಲ್ ಟ್ರಸ್ಟಿನದೇ ಆರೋಗ್ಯ ವಿಮೆ, ವರ್ಷಕ್ಕೆ ಒಂದು ಲಕ್ಷದ ತನಕ, ಮೊದಲೇ ಮೆಡಿಕಲ್ ಟೆಸ್ಟು ಕೇಳಲ್ಲ, ಥೆರಪಿಗೂ ಸ್ವಲ್ಪ ಬರುತ್ತೆ, ರಿನ್ಯೂವಲ್ ಮರೀಬೇಡಿ. ಮೇಷ್ಟ್ರು ಇನ್‌ಕಮ್ ಟ್ಯಾಕ್ಸ್ ಹಳೇ ಪದ್ಧತೀಲಿ ಕಟ್ತಿದ್ರೆ ಅಂಗವಿಕಲ ಮಗನ್ನ ನೋಡ್ಕೊಳ್ಳೋದಕ್ಕೆ ಅಂತ, ವೈಕಲ್ಯ ಶೇ. 80 ಇದ್ರೆ, ಆದಾಯದಲ್ಲಿ 1,25,000 ಕಡಿತ ಇದೆ, ಆಡಿಟರಿಗೆ ಹೇಳಿ. ಎಫ್‌ಡಿಗಿಂತ ಮೊದಲು ಇಷ್ಟು ಮಾಡಿ.

ಪ್ರಶ್ನೆ: ನಾನು ಕ್ಯಾಲಿಫೋರ್ನಿಯಾದಲ್ಲಿರೋದು. ಅಪ್ಪ (81, ರೈಲ್ವೆ ರಿಟೈರ್ಡ್), ಅಮ್ಮ (77) ಧಾರವಾಡದಲ್ಲಿ ಇಬ್ಬರೇ ಇದ್ದಾರೆ. ಇಲ್ಲಿ ಹಿರಿಯರ ಮನೆಗೆ ಬಂದು ನೋಡ್ಕೊಳ್ಳೋರಿಗೆ ಕೌಂಟಿ (ನಮ್ಮ ಜಿಲ್ಲಾಡಳಿತದ ಥರ) ಮೂಲಕ ಸಂಬಳ ಸಿಗೋ ವ್ಯವಸ್ಥೆ ಇದೆ. ಅಲ್ಲಿ ಸರ್ಕಾರದಿಂದ ಅಂಥದ್ದು ಏನಾದ್ರೂ ಇದೆಯಾ?

ಉತ್ತರ: ಇಲ್ಲಪ್ಪ. ಮನೆಗೆ ಬಂದು ಸ್ನಾನ ಮಾಡಿಸಿ ಊಟ ಕೊಡೋ ಜನಾನ ಸರ್ಕಾರ ಕಳಿಸಲ್ಲ, ಅದು ಹೋಮ್ ನರ್ಸ್ ಏಜೆನ್ಸಿ ವ್ಯವಹಾರ, ದುಡ್ಡು ನಿಮ್ಮದು, ಬರೋ ಹುಡುಗಿಯ ಗುರುತಿನ ಚೀಟಿ ಮತ್ತೆ ಪೊಲೀಸ್ ವೆರಿಫಿಕೇಶನ್ ಕೇಳೋದು ನಿಮ್ಮ ಜವಾಬ್ದಾರಿ. ಇರೋ ಸಣ್ಣ ಪುಟ್ಟದ್ದು ಹೇಳ್ತೀನಿ. 70 ದಾಟಿದವರಿಗೆ, ಅಂಗವಿಕಲರಿಗೆ ಮನೆ ಬಾಗಿಲಿಗೇ ಬ್ಯಾಂಕ್ ಸೇವೆ ಕೊಡಿ ಅಂತ ರಿಸರ್ವ್ ಬ್ಯಾಂಕು 2017ರಲ್ಲೇ ಹೇಳಿದೆ, ಅಪ್ಪನ ಬ್ರಾಂಚಿಗೆ ಒಂದು ಪತ್ರ ಬರೆಸಿ, ಸಣ್ಣ ಚಾರ್ಜ್ ಇರಬಹುದು. ಅಪ್ಪನ ಜೀವಂತ ಪ್ರಮಾಣಪತ್ರ ಈಗ ಮೊಬೈಲಲ್ಲೇ ಮುಖ ತೋರಿಸಿ ಕೊಡಬಹುದು, 80 ದಾಟಿದವರು ನವೆಂಬರ್ ತನಕ ಕಾಯೋದೂ ಬೇಡ, ಅಕ್ಟೋಬರ್ ಒಂದರಿಂದಲೇ ಆಗುತ್ತೆ, ಬೆರಳಚ್ಚು ಸವೆದವರಿಗೆ ಇದು ದೊಡ್ಡ ಉಪಕಾರ. 14567 ಅವರ ಫೋನಲ್ಲಿ ಸೇವ್ ಮಾಡಿಕೊಡಿ.

ಮತ್ತೆ ಮೇಲೆ ಹಾಸನದ ಯಜಮಾನ್ರಿಗೆ ಬರೆದ ಕಾಯ್ದೆ ಹೊರದೇಶದಲ್ಲಿರೋ ಭಾರತದ ನಾಗರಿಕರಿಗೂ ಅನ್ವಯ ಅಂತ ಅದರ ಮೊದಲನೇ ಕಲಮಲ್ಲೇ ಇದೆ. ನೀವು ಕೇಳಿ ಬರೆದಿದೀರಿ ಅಂದ್ರೆ ನಿಮಗೆ ಹೇಳಬೇಕಾಗಿಲ್ಲ, ಪಕ್ಕದ ಅಪಾರ್ಟ್‌ಮೆಂಟಿನವರಿಗೆ ಹೇಳಿ.

ಪ್ರಶ್ನೆ: ಅಕ್ಕ, ನಮ್ಮತ್ತೆಗೆ 79. ಎರಡು ವರ್ಷದಿಂದ ಮರೆವು, ಈಗೀಗ ಊಟ ಮಾಡಿದ್ದೇ ಮರೆತು ಸೊಸೆ ಊಟ ಹಾಕಲ್ಲ ಅಂತ ಬೀದೀಲಿ ಹೇಳ್ತಾರೆ. ರಾತ್ರಿ ಎದ್ದು ಬಾಗಿಲು ತೆಗೆದು ಹೋಗಿಬಿಡ್ತಾರೆ. ಇಬ್ಬರು ನಾದಿನಿಯರು ಫೋನಲ್ಲಿ "ಅಮ್ಮನ್ನ ಚೆನ್ನಾಗಿ ನೋಡ್ಕೋ" ಅಂತಾರೆ. ನಾನು ಟೈಲರಿಂಗ್ ಬಿಟ್ಟೆ. ನೋಡ್ಕೊಳ್ಳೋರಿಗೆ ಸರ್ಕಾರದಿಂದ ಏನಾದ್ರೂ ಇದೆಯಾ? (ಮಂಡ್ಯ ಜಿಲ್ಲೆ)

ಉತ್ತರ: ಮೊದಲು ಇದು ಬರೀ ವಯಸ್ಸಿನ ಅರಳುಮರಳು ಅಂತ ಬಿಡಬೇಡ. ಥೈರಾಯ್ಡು, ಬಿ12 ಕೊರತೆಯಿಂದಲೂ ಮರೆವು ಬರುತ್ತೆ, ಅದು ಮಾತ್ರೆಯಲ್ಲಿ ಸುಧಾರಿಸೋದು, ಹಾಗಾಗಿ ರಕ್ತ ಪರೀಕ್ಷೆ ಆಗಲೇಬೇಕು. ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಅಂತ ಮಾಡಿದೆ, ಅದರಲ್ಲಿ ಜಿಲ್ಲಾಸ್ಪತ್ರೆಗಳಲ್ಲಿ ಬ್ರೈನ್ ಕ್ಲಿನಿಕ್ ಶುರು ಮಾಡಿದಾರೆ, ನಿಮ್ಮ ಜಿಲ್ಲಾಸ್ಪತ್ರೇಲಿ ಯಾವ ದಿನ ಅಂತ ಕೇಳ್ಕೊಂಡು ಹೋಗು.

ದುಡ್ಡಿನ ವಿಷಯ ಹೇಳೋಕೆ ನನಗೇ ಬೇಜಾರು. 2024-25ರ ರಾಜ್ಯ ಬಜೆಟ್ಟಲ್ಲಿ ಆರೈಕೆ ಮಾಡೋರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಣೆ ಆಯ್ತು, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್ (ಕೈ ನಡುಗೋ ಕಾಯಿಲೆ), ಮಲ್ಟಿಪಲ್ ಸ್ಕ್ಲೆರೋಸಿಸ್ ಈ ನಾಲ್ಕು ಇರೋರನ್ನ ನೋಡ್ಕೊಳ್ಳೋರಿಗೆ. ಮರೆವಿನ ಕಾಯಿಲೆ ಅದರಲ್ಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ 21 ವೈಕಲ್ಯ ಬರೆದಿದಾರೆ, ಪಾರ್ಕಿನ್ಸನ್ಸ್ ಹೆಸರಿದೆ, ಡಿಮೆನ್ಷಿಯಾ ಅಂದ್ರೆ ಈ ಮರೆವಿನ ಕಾಯಿಲೆ ಹೆಸರಿಲ್ಲ. ಕೈ ನಡುಗಿದ್ರೆ ಕಾಣುತ್ತೆ, ತಲೆ ಒಳಗಿಂದು ಕಾಣಲ್ಲ, ಮತ್ತೆ ರಾತ್ರಿ ಎದ್ದು ಬಾಗಿಲು ಕಾಯೋಳು ಸೊಸೆ, ಅವಳು ಇನ್ನೂ ಕಾಣಲ್ಲ. ಅತ್ತೆಗೆ ಪಾರ್ಕಿನ್ಸನ್ಸೂ ಇದೆ ಅಂತ ಡಾಕ್ಟ್ರು ಬರೆದ್ರೆ ಮಾತ್ರ ಅರ್ಜಿ ಹಾಕು.

ಈಗ ನಿನ್ನ ನಾದಿನಿಯರಿಗೆ ಒಂದು ಮಾತು. ಪೋಷಣೆ ಕಾಯ್ದೇಲಿ "ಮಕ್ಕಳು" ಅಂದ್ರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಅನ್ನೋ ಪದ ಅಲ್ಲಿಲ್ಲ. ಕಾನೂನಿನ ಪ್ರಕಾರ ಅಮ್ಮನ್ನ ನೋಡ್ಕೋಬೇಕಾದವರು ನಿನ್ನ ಗಂಡ ಮತ್ತೆ ಫೋನಲ್ಲಿ ಬುದ್ಧಿ ಹೇಳ್ತಿರೋ ಆ ಇಬ್ಬರು, ನೀನಲ್ಲ. ಇದನ್ನ ಕತ್ತರಿಸಿ ಫ್ಯಾಮಿಲಿ ಗ್ರೂಪಿಗೆ ಹಾಕು ಅಂತ ಹೇಳಲ್ಲ, ಹಾಕಿದ್ರೆ ಬೇಡ ಅಂತಾನೂ ಹೇಳಲ್ಲ. ಒಂದು ಕ್ಯಾಲೆಂಡರ್ ತಗೊಂಡು ಗಂಡನ ಕೈಲೇ ಬರೆಸು, ವರ್ಷಕ್ಕೆ ಇಂತಿಂಥ ಹದಿನೈದು ದಿನ ದೊಡ್ಡೋಳು ಬಂದು ಇರಬೇಕು, ಇಂತಿಂಥ ಹದಿನೈದು ದಿನ ಚಿಕ್ಕೋಳು, ಬರೋಕೆ ಆಗದಿದ್ರೆ ಆ ದಿನಕ್ಕೆ ಹೋಮ್ ನರ್ಸ್ ದುಡ್ಡು. ಆ ಹದಿನೈದು ದಿನ ನೀನು ಮಿಷನ್ ಮೇಲೆ ಕೂರು. ರಾತ್ರಿ ತಲೆ ಕೆಟ್ಟು ಅಳು ಬಂದ್ರೆ 14416, ಟೆಲಿಮನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ಪುಕ್ಕಟೆ.

ಬಾಗಿಲಿಗೆ ಚಿಲಕ ಮೇಲ್ಗಡೆ ಹಾಕಿಸು, ಮರೆವು ಇರೋರು ಸಾಮಾನ್ಯವಾಗಿ ಕಣ್ಣಳತೇಲಿ ಹುಡುಕ್ತಾರೆ, ಮೇಲೆ ನೋಡಲ್ಲ. ನೀನು ಟೈಲರ್ ಅಲ್ವಾ, ಅತ್ತೆಯ ರವಿಕೆಗಳ ಒಳಗೆಲ್ಲ ನಿಮ್ಮನೆ ಫೋನ್ ನಂಬರ್ ಹೊಲಿದು ಇಡು.

(ಓದುಗರಲ್ಲಿ: ದಯವಿಟ್ಟು ಜೆರಾಕ್ಸ್ ಮಾತ್ರ ಕಳಿಸಿ. ಈ ಸಲ ಇಬ್ಬರು ಒರಿಜಿನಲ್ ಸರ್ಟಿಫಿಕೇಟು, ಒಬ್ಬರು ಪಾಸ್‌ಬುಕ್ಕನ್ನೇ ಕವರಿಗೆ ಹಾಕಿ ಕಳಿಸಿದೀರಿ. ಮೂರನ್ನೂ ಸೋಮವಾರ ಸ್ಪೀಡ್ ಪೋಸ್ಟಲ್ಲಿ ವಾಪಸ್ ಹಾಕಿದೀನಿ, ರಸೀತಿ ನನ್ನ ಹತ್ರ ಇದೆ.)